‘ನಾನು ಮಾಡಿಲ್ಲ’ ಅಂದ ಮೇಷ್ಟ್ರು, ‘ಫ್ರಾಡ್’ ಒತ್ತಿದ ನಾನು

ನಾನು ಬ್ಯಾಂಕಿನ ಕಾಲ್ ಸೆಂಟರ್‌ನಲ್ಲಿ, ಕಾರ್ಡಿನಿಂದ ಹೋದ ಹಣದ ಬಗ್ಗೆ ಗ್ರಾಹಕರ ತಕರಾರು ತೆಗೆದುಕೊಳ್ಳುವ ಡೆಸ್ಕಿನಲ್ಲಿದ್ದೇನೆ. ನಮ್ಮ ಡಿಸ್ಪ್ಯೂಟ್ ಟೂಲ್‌ನಲ್ಲಿ, ಅಂದರೆ ತಕರಾರು ದಾಖಲಿಸುವ ಸಾಫ್ಟ್‌ವೇರ್‌ನಲ್ಲಿ, ಹೊಸ ಕೇಸ್ ತೆರೆದರೆ ಡ್ರಾಪ್‌ಡೌನ್‌ನಲ್ಲಿ ಮೊದಲು ಕಾಣುವುದೇ ‘ಫ್ರಾಡ್’. ಕೆಳಗೆ ‘ಕ್ಯಾನ್ಸಲ್ಡ್ ರಿಕರಿಂಗ್’ (ನಿಲ್ಲಿಸಿ ಅಂದ ಮೇಲೂ ಪದೇ ಪದೇ ಕಟ್ ಆಗುವುದು), ‘ಮಿಸ್‌ರೆಪ್ರೆಸೆಂಟೇಶನ್’ (ತಪ್ಪು ಹೇಳಿ ಮಾರಿದ್ದು), ಇನ್ನೂ ಏನೇನೋ ಇವೆ. ಅಲ್ಲಿಗೆ ಹೋಗಬೇಕಾದರೆ ಸ್ಕ್ರೋಲ್ ಮಾಡಬೇಕು. ಫ್ರಾಡ್ ಒತ್ತಿದರೆ ಕಾರ್ಡ್ ಬ್ಲಾಕ್ ಆಗುತ್ತದೆ, ಟೆಂಪ್ ಕ್ರೆಡಿಟ್‌ಗೆ (ತನಿಖೆ ಮುಗಿಯುವವರೆಗೆ ಗ್ರಾಹಕರಿಗೆ ತಾತ್ಕಾಲಿಕವಾಗಿ ಕೊಡುವ ಹಣ) ಹೋಗುತ್ತದೆ, ಕಾಲ್ ಮುಗಿಯುತ್ತದೆ. ಬೇರೆ ಯಾವುದನ್ನು ಒತ್ತಿದರೂ ಡಾಕ್ಯುಮೆಂಟ್ ಕೇಳುತ್ತದೆ, ಮೆಮೊ ಬರೆಯಬೇಕು, ಎಎಚ್‌ಟಿ, ಅಂದರೆ ಒಂದು ಕಾಲ್‌ಗೆ ಹಿಡಿಯುವ ಸರಾಸರಿ ಸಮಯ, ಕೆಂಪಾಗುತ್ತದೆ. ಈ ಟೂಲ್ ಮಾಡಿದವರು ಒಂದು ದಿನ ನಮ್ಮ ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದರೆ ಸಾಕಿತ್ತು.

ಈ ಕೆಲಸದಲ್ಲಿ ನನಗೆ ಜಾಸ್ತಿ ತಲೆನೋವು ತಂದವರು ಕಾರ್ಡ್ ಕದ್ದವರಲ್ಲ, ‘ಫ್ರೀ ಟ್ರಯಲ್’ ಕೊಟ್ಟವರು. ಕಳ್ಳತನದ ಲೆಕ್ಕ ನೇರ. ಗ್ರಾಹಕರು ಊರಲ್ಲಿ ಮಲಗಿದ್ದಾಗ ಅವರ ಕಾರ್ಡ್ ಇನ್ಯಾವುದೋ ದೇಶದಲ್ಲಿ ಉಜ್ಜಿದ್ದರೆ ಯಾರೂ ಎರಡು ಮಾತಾಡುವುದಿಲ್ಲ. ಟ್ರಯಲ್ ಕೇಸಿನಲ್ಲಿ ಕಾರ್ಡ್ ನಂಬರ್ ಗ್ರಾಹಕರೇ ಕೊಟ್ಟಿರುತ್ತಾರೆ. ಕೊಟ್ಟಿದ್ದು ಕೊರಿಯರ್ ಖರ್ಚಿನ ಚಿಕ್ಕ ಮೊತ್ತಕ್ಕೆ, ಟ್ರಯಲ್ ಮುಗಿದ ದಿನ ಅಂಗಡಿಯವರು ಎಳೆದುಕೊಂಡಿದ್ದು ಪೂರ್ತಿ ಬೆಲೆ. ಇದು ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದ ವಿಷಯವೇ. ಆದರೂ ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕೇಸಿನಲ್ಲಿ ನಾನು ಮಾಡಿದ್ದು ಮಾತ್ರ ಬೇರೆ.

ಆ ಸಂಜೆ ಕನ್ನಡ ಕ್ಯೂನಲ್ಲಿ ನಾನೊಬ್ಬಳೇ ಇದ್ದೆ. “ನೋಡಮ್ಮಾ, ನನ್ನ ಕಾರ್ಡಿಂದ ಏಳೂವರೆ ಸಾವಿರ ಹೋಗಿದೆ, ಯಾರೋ ಹೊಡ್ಕೊಂಡಿದ್ದಾರೆ” ಅಂದರು. ಸ್ಟೇಟ್‌ಮೆಂಟ್ ತೆಗೆದೆ. 89.95 ಡಾಲರ್. ಅಂಗಡಿ ಹೆಸರು ಇರಬೇಕಾದ ಜಾಗದಲ್ಲಿ ಓದಲಾಗದ ಏಳೆಂಟು ಅಕ್ಷರ, ಪಕ್ಕದಲ್ಲಿ ಅಮೆರಿಕದ ಒಂದು ಫೋನ್ ನಂಬರ್.

“ಈ ಟ್ರಾನ್ಸಾಕ್ಷನ್ ನೀವು ಮಾಡಿದ್ದಾ ಸರ್?”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಇಲ್ಲಮ್ಮಾ” ಅಂದರು. ಅಷ್ಟರಲ್ಲಿ ಹಿಂದಿನಿಂದ ಅವರ ಮನೆಯವರ ಧ್ವನಿ ಕೇಳಿಸಿತು. “ರೀ, ಆ ಮಂಡಿನೋವಿನ ಮಾತ್ರೆ ತರಿಸಿದ್ರಲ್ಲಾ, ಅದೇನಾದ್ರೂ ಇರಬಹುದಾ?” ಮೇಷ್ಟ್ರು ಫೋನ್ ಸ್ವಲ್ಪ ಪಕ್ಕಕ್ಕೆ ಹಿಡಿದಿರಬೇಕು, “ಅದಕ್ಕೆ ಆವತ್ತೇ ನಾನೂರು ಚಿಲ್ಲರೆ ಕೊಟ್ಟಾಯ್ತು ಕಣೇ, ಇದು ಬೇರೆ” ಅಂದರು.

ನನಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಅದೇ ಸ್ಕ್ರೀನಿನಲ್ಲಿ ಎರಡು ಸಾಲು ಕೆಳಗೆ, ಸರಿಯಾಗಿ 14 ದಿನ ಹಿಂದಿನ ತಾರೀಖಿನಲ್ಲಿ 4.95 ಡಾಲರ್ ಕೂತಿತ್ತು. ಹೆಸರು ಬೇರೆ, ಆದರೆ ಈ ಡೆಸ್ಕಿನಲ್ಲಿ ಕೂತವರು ಯಾರಾದರೂ ಆ ಎರಡು ಅಂಕಿ ನೋಡಿದರೆ ಸಾಕು, ಕೇಳುವುದೇ ಬೇಡ. ‘ಸರ್, ಆ ಮಾತ್ರೆ ಹೇಗೆ ತರಿಸಿದ್ರಿ?’ ಅಂತ ಒಂದು ಪ್ರಶ್ನೆ ಬಾಯಿಗೆ ಬಂದಿತ್ತು. ಟೈಮರ್ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನಮ್ಮ ಟಿಎಲ್ (ಟೀಮ್ ಲೀಡರ್) ಚಾಟ್‌ನಲ್ಲಿ ‘ವ್ರ್ಯಾಪ್ ಅಪ್ ಪ್ಲೀಸ್, ಕ್ಯೂ ಇದೆ’ ಅಂತ ಹಾಕಿದ್ದರು. ಗ್ರಾಹಕರೇ ‘ಇಲ್ಲ’ ಅಂದಿದ್ದಾರಲ್ಲ, ನಾನೇಕೆ ಅಗೆಯಲಿ ಅಂದುಕೊಂಡು ಫ್ರಾಡ್ ಒತ್ತಿದೆ.

ಅಲ್ಲಿಗೂ ನಿಲ್ಲಲಿಲ್ಲ. ಇನ್ನೊಂದು ಹೆಸರಿನಲ್ಲಿ 79.95 ಡಾಲರ್ ಪೆಂಡಿಂಗ್ ಇತ್ತು. “ಅದೇನಮ್ಮಾ ಇನ್ನೊಂದು?” ಅಂದರು. “ಕಾರ್ಡ್ ಬ್ಲಾಕ್ ಆಗಿದೆ ಸರ್, ಅದು ತಾನಾಗಿ ಬಿದ್ದುಹೋಗುತ್ತೆ” ಅಂದೆ. ಬಿದ್ದುಹೋಗುವುದಿಲ್ಲ. ಬ್ಲಾಕ್ ಮಾಡುವ ಮೊದಲೇ ಅಂಗಡಿಯವರು ಆಥ್ (ಬ್ಯಾಂಕಿನ ಒಪ್ಪಿಗೆ) ತೆಗೆದುಕೊಂಡಿದ್ದರೆ ಸೆಟಲ್‌ಮೆಂಟ್‌ಗೆ, ಅಂದರೆ ಹಣ ವಸೂಲಿಗೆ, ಹಾಕೇ ಹಾಕುತ್ತಾರೆ, ಹಾಕಿದ ಮೇಲೆಯೇ ನಾವು ಡಿಸ್ಪ್ಯೂಟ್ ಎತ್ತಲು ಸಾಧ್ಯ. ಇದು ಮೊದಲ ವಾರದ ಪಾಠ. ಅವರ ಧ್ವನಿಯಲ್ಲಿ ಗಾಬರಿ ಇತ್ತು, ಸಮಾಧಾನ ಹೇಳಲು ಹೋಗಿ ಸುಳ್ಳು ಹೇಳಿದೆ.

ಮರ್ಚೆಂಟ್, ಅಂದರೆ ಆ ಅಂಗಡಿಯ ಕಡೆಯಿಂದ 89.95ಕ್ಕೆ ರೆಪ್ರೆಸೆಂಟ್‌ಮೆಂಟ್ (ದಾಖಲೆ ಸಮೇತ ಮರುವಾದ) ಬಂತು. ಇಂಥವರ ಫೈಲ್ ನೋಡಬೇಕು ನೀವು, ನಮ್ಮಲ್ಲಿ ಯಾರೂ ಅಷ್ಟು ನೀಟಾಗಿ ಕೆಲಸ ಮಾಡುವುದಿಲ್ಲ. ಆರ್ಡರ್ ಮಾಡಿದ ಐಪಿ ಅಡ್ರೆಸ್, ಮೇಷ್ಟ್ರ ಇಮೇಲ್, ಫೋನ್ ನಂಬರ್, ಮನೆ ವಿಳಾಸ, ಕೊರಿಯರ್ ತಲುಪಿದ ದಾಖಲೆ, ಷರತ್ತುಗಳಿಗೆ ಟಿಕ್ ಹಾಕಿದ ಪುಟದ ಚಿತ್ರ. ‘ಇದು ಅವರಲ್ಲ, ಬೇರೆ ಯಾರೋ’ ಅಂತ ನಾವು ಹೇಳಿದ್ದೆವು. ‘ಅವರೇ’ ಅಂತ ಅವರು ತೋರಿಸಿದರು. ಅಲ್ಲಿಗೆ ಮುಗಿಯಿತು. ಟ್ರಯಲ್ ಹೆಸರಿನಲ್ಲಿ ಮೋಸ ಮಾಡುವವರಿಗೆ ನಾವು ಫ್ರಾಡ್ ಕೋಡ್ ಹಾಕುವುದೇ ಹಬ್ಬ. ‘ಕೊಂಡಿದ್ದು ಯಾರು’ ಅನ್ನುವ ಪ್ರಶ್ನೆಗೆ ಉತ್ತರ ಅವರು ಮೊದಲ ದಿನವೇ ಕಟ್ಟಿಟ್ಟಿರುತ್ತಾರೆ. ‘ಪುಟದಲ್ಲಿ ಏನಂತ ಹೇಳಿ ಕಾರ್ಡ್ ನಂಬರ್ ತೆಗೆದುಕೊಂಡಿರಿ’ ಅಂತ ಕೇಳಿದರೆ ಮಾತ್ರ ಅವರ ಬಳಿ ಕಾಗದ ಇರುವುದಿಲ್ಲ.

ಟೆಂಪ್ ಕ್ರೆಡಿಟ್ ವಾಪಸ್ ಎಳೆದರು. ಟೆಂಪ್ಲೇಟ್ ಕಾಗದ ಹೋಯಿತು, ಇಂಗ್ಲಿಷಿನಲ್ಲಿ. ‘ಪರಿಶೀಲನೆ ಮಾಡಿದಾಗ ಈ ವ್ಯವಹಾರವನ್ನು ತಾವೇ ನಡೆಸಿರುವುದು ಕಂಡುಬಂದಿದೆ’ ಅನ್ನುವ ಅರ್ಥದ ಸಾಲು ಅದರಲ್ಲಿದೆ. ದಿನಾ ಎಷ್ಟೋ ಜನರಿಗೆ ಹೋಗುತ್ತದೆ, ನಾವ್ಯಾರೂ ಅದನ್ನು ಓದಿ ನೋಡಿರಲಿಲ್ಲ.

ಮೇಷ್ಟ್ರು ನನ್ನ ಹೆಸರು ಹೇಳಿ ಕಾಲ್ ಟ್ರಾನ್ಸ್‌ಫರ್ ಮಾಡಿಸಿಕೊಂಡರು. ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಿತ್ತು, ಅದಕ್ಕೆ ಸ್ಕ್ರಿಪ್ಟ್ ಇದೆ. “ಜೀವನವಿಡೀ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಹೇಳಿಕೊಟ್ಟವನಮ್ಮಾ ನಾನು. ನಿಮ್ಮ ಬ್ಯಾಂಕು ನನ್ನನ್ನ ಸುಳ್ಳ ಅಂತ ಕಾಗದ ಬರೆದಿದೆ. ಅದನ್ನ ಅಳಿಯ ಓದಿ ಹೇಳಿದ. ಅಳಿಯನ ಮುಂದೆ.” ನಾನು ಮ್ಯೂಟ್ ಒತ್ತಿ ಸ್ವಲ್ಪ ಹೊತ್ತು ಕೂತೆ. ಅತ್ತ ಕಡೆಯಿಂದ “ಹಲೋ, ಇದ್ದೀಯೇನಮ್ಮಾ?” ಅಂತ ಕೇಳುತ್ತಲೇ ಇದ್ದರು. ಜೊತೆಗೆ, ಬಿದ್ದುಹೋಗುತ್ತೆ ಅಂದಿದ್ದ 79.95 ಕೂಡ ಸ್ಟೇಟ್‌ಮೆಂಟಿಗೆ ಬಂದಿತ್ತು. ಅದನ್ನು ಅವರು ಇನ್ನೂ ಹೇಳಿರಲಿಲ್ಲ. ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು.

ಕೊನೆಗೂ ಮೊದಲ ಸಲವೇ ಕೇಳಬೇಕಾಗಿದ್ದನ್ನು ಕೇಳಿದೆ. ಟೈಮರ್ ಇದ್ದ ಮೂಲೆಯ ಮೇಲೆ ಬೇರೆ ವಿಂಡೋ ಎಳೆದಿಟ್ಟುಕೊಂಡೆ, ಅದೂ ಒಂದು ಉಪಾಯ.

ಕಥೆ ಹೊರಗೆ ಬಂತು. ಮೊಬೈಲಿನಲ್ಲಿ ಜಾಹೀರಾತು: ಮೊದಲ ಬಾಟಲಿ ಉಚಿತ, ಕೊರಿಯರ್ ಖರ್ಚು ಮಾತ್ರ. 14 ದಿನದ ಟ್ರಯಲ್. ಆದರೆ ಆ 14 ದಿನ ಎಣಿಸುವುದು ಬಾಟಲಿ ಕೈಗೆ ಬಂದ ದಿನದಿಂದಲ್ಲ, ಆರ್ಡರ್ ಮಾಡಿದ ದಿನದಿಂದ. ಪರದೇಶದಿಂದ ಊರಿಗೆ ಬರುವಷ್ಟರಲ್ಲಿ ಉಳಿದದ್ದು ಎರಡು ದಿನ. ಅಷ್ಟರಲ್ಲಿ ಅಮೆರಿಕದ ನಂಬರಿಗೆ ಫೋನ್ ಮಾಡಿ ಬೇಡ ಅನ್ನಬೇಕು, ಬಾಟಲಿ ವಾಪಸ್ ಕಳಿಸಬೇಕು, ಇಲ್ಲದಿದ್ದರೆ ಪೂರ್ತಿ ಬೆಲೆ, ಆಮೇಲೆ ತಿಂಗಳು ತಿಂಗಳೂ. ಆರ್ಡರ್ ಆದ ಮೇಲೆ ಬರುವ ‘ಧನ್ಯವಾದ’ ಪುಟದಲ್ಲಿ ಒಂದು ಎಣ್ಣೆಗೂ ಮೊದಲೇ ಟಿಕ್ ಹಾಕಿಟ್ಟಿದ್ದರು. ಆ 79.95 ಅದರದು. ಎಣ್ಣೆ ಮನೆಗೆ ಬರಲೇ ಇಲ್ಲ.

“ಓಟಿಪಿ ಬರಲಿಲ್ಲವಲ್ಲಮ್ಮಾ, ಹೇಗೆ ತೆಗೆದ್ರು?” ಇದನ್ನು ಎಲ್ಲರೂ ಕೇಳುತ್ತಾರೆ. ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿಸಿಕೊಂಡಿದ್ದರು, ಬಂದ ಮೇಲೆ ಆಫ್ ಮಾಡಿರಲಿಲ್ಲ. ನಮ್ಮ ದೇಶದ ಅಂಗಡಿಯಾದರೆ ಓಟಿಪಿ ಬೇಕೇ ಬೇಕು. ಪದೇ ಪದೇ ಕಟ್ ಆಗುವುದಾದರೆ 2021ರ ಅಕ್ಟೋಬರ್ 1ರಿಂದ ಆರ್‌ಬಿಐನ ಇ-ಮ್ಯಾಂಡೇಟ್ (ತಾನಾಗಿ ಹಣ ಕಟ್ ಆಗಲು ಗ್ರಾಹಕರು ಮೊದಲೇ ಕೊಡುವ ಅನುಮತಿ) ನಿಯಮ ಇದೆ: ನೋಂದಣಿಗೆ ಓಟಿಪಿ, ಹಣ ಎಳೆಯುವ 24 ಗಂಟೆ ಮೊದಲು ಮೆಸೇಜ್, ಸಾಮಾನ್ಯವಾಗಿ ₹15,000 ದಾಟಿದರೆ ಮತ್ತೆ ಓಟಿಪಿ. ಆದರೆ ಪರದೇಶದ ಅಂಗಡಿಯವನು ಓಟಿಪಿ ಇಲ್ಲದೆಯೂ ಕಾರ್ಡ್ ನಂಬರ್ ಹಾಕಿ ತೆಗೆಯಬಹುದು. ಈ ಮಹಾನುಭಾವರು ರಿಕರಿಂಗ್ ಅಂತ ಗುರುತು ಹಾಕದೆ ಮಾಮೂಲಿ ಮಾರಾಟದಂತೆ ಕಳಿಸಿದ್ದರು. ಸಿಸ್ಟಮ್‌ಗೆ ಕಂಡಿದ್ದು ಮೇಷ್ಟ್ರು ಹೊಸದಾಗಿ ಏನೋ ಕೊಂಡಂತೆ.

ಫೋನಿನಲ್ಲಿ ಇರುವಾಗಲೇ ಅವರ ಕೈಯಲ್ಲಿ ಎರಡು ಸಾಲಿನ ಕ್ಯಾನ್ಸಲ್ ಮೇಲ್ ಬರೆಸಿದೆ. ಕೆಲವೇ ನಿಮಿಷದಲ್ಲಿ ಉತ್ತರ ಬಂತು: ನಿಲ್ಲಿಸುವುದೇಕೆ, ಅರ್ಧ ಬೆಲೆಗೆ ಮುಂದುವರಿಸಿ! ಅದಕ್ಕಿಂತ ಒಳ್ಳೆಯ ಡಾಕ್ಯುಮೆಂಟ್ ನನಗೆ ಎಂದೂ ಸಿಕ್ಕಿಲ್ಲ. ತಾರೀಖು ಇದೆ, ಕ್ಯಾನ್ಸಲ್ ಕೇಳಿದ್ದು ಅವರಿಗೆ ತಲುಪಿದೆ ಅಂತ ಅವರೇ ಬರೆದುಕೊಟ್ಟಿದ್ದಾರೆ.

79.95ನ್ನು ಮಿಸ್‌ರೆಪ್ರೆಸೆಂಟೇಶನ್ ಅಂತ ಹಾಕಿದೆ. ವೀಸಾ 2020ರ ಏಪ್ರಿಲ್‌ನಲ್ಲಿ ಟ್ರಯಲ್ ಕೊಡುವವರಿಗೆ ನಿಯಮ ಬಿಗಿ ಮಾಡಿದೆ: ಟ್ರಯಲ್ ಮುಗಿದು ಹಣ ತೆಗೆಯುವ 7 ದಿನ ಮೊದಲು ಗ್ರಾಹಕರಿಗೆ ತಿಳಿಸಬೇಕು, ಆನ್‌ಲೈನ್‌ನಲ್ಲೇ ಸುಲಭವಾಗಿ ನಿಲ್ಲಿಸಲು ದಾರಿ ಕೊಡಬೇಕು, ಮೊದಲ ಸಲ ಹಣ ತೆಗೆಯುವಾಗ ಸ್ಟೇಟ್‌ಮೆಂಟಿನಲ್ಲಿ ಅದು ಟ್ರಯಲ್‌ನದು ಅಂತ ಕಾಣಬೇಕು. ಮೆಮೊದಲ್ಲಿ ಈ ಮೂರನ್ನೂ ಬರೆದು, ಮೂರೂ ಇಲ್ಲ ಅಂದೆ. ಮರ್ಚೆಂಟ್ ಉತ್ತರವನ್ನೇ ಕೊಡಲಿಲ್ಲ. ಕೇಸ್ ನಮ್ಮ ಕಡೆ ಆಯಿತು.

ಆದರೆ 89.95 ಹೋಗಿದ್ದು ಹೋಯಿತು. ಫ್ರಾಡ್ ಅಂತ ಸೋತ ಕೇಸನ್ನು ಬೇರೆ ಕೋಡಿನಲ್ಲಿ ಮತ್ತೆ ತೆರೆಯಲು ನಮ್ಮ ಪ್ರೋಸೆಸ್ ನೋಟ್ ಬಿಡುವುದಿಲ್ಲ. ಎಸ್ಕಲೇಟ್ ಮಾಡಿದೆ. “ಫಸ್ಟ್ ಕಾಲ್‌ನಲ್ಲೇ ಸರಿಯಾದ ಕೋಡ್ ಯಾಕೆ ಹಾಕಲಿಲ್ಲ?” ಅಂತ ಕೇಳಿದವರು ಯಾರು ಹೇಳಿ? ವ್ರ್ಯಾಪ್ ಅಪ್ ಪ್ಲೀಸ್ ಅಂದವರೇ. ನಗು ಬರಿಸಿದ್ದು ಇನ್ನೊಂದು. ಆ ಮೊದಲ ಕಾಲ್ ಕ್ವಾಲಿಟಿ ಆಡಿಟ್‌ಗೆ ಹೋಗಿತ್ತು, ನೂರಕ್ಕೆ ತೊಂಬತ್ತರ ಮೇಲೆ ಬಂದಿತ್ತು. ನಮಸ್ಕಾರ ಹೇಳಿದ್ದೇನೆ, ಹೆಸರು ಹಿಡಿದು ಮಾತಾಡಿಸಿದ್ದೇನೆ, ಟೈಮ್ ಒಳಗೆ ಮುಗಿಸಿದ್ದೇನೆ, ಗ್ರಾಹಕರಿಗೆ ಧೈರ್ಯ ತುಂಬಿದ್ದೇನೆ. ಧೈರ್ಯ ತುಂಬಿದ್ದು ಆ ‘ಬಿದ್ದುಹೋಗುತ್ತೆ’ ಅನ್ನುವ ಮಾತಿನಿಂದ.

ಈಗ ನಾನು ‘ನೀವು ಮಾಡಿದ್ದಾ’ ಅಂತ ಮೊದಲು ಕೇಳುವುದೇ ಇಲ್ಲ. ಅಂಥ ಪ್ರಶ್ನೆಗೆ ಜನ ‘ಇಲ್ಲ’ ಅಂತಲೇ ಹೇಳುತ್ತಾರೆ, ಕೆಲವರು ನಿಜವಾಗಿ ಗೊತ್ತಾಗದೆ, ಕೆಲವರು ನಾಚಿಕೆಯಿಂದ, ಕೆಲವರು ಪಕ್ಕದಲ್ಲಿ ಹೆಂಡತಿಯೋ ಗಂಡನೋ ಇದ್ದಾರೆ ಅಂತ. “ಇದು ನಮಗೆ ದಿನಾ ಬರೋ ಕೇಸು ಸರ್, ಕೊರಿಯರ್ ಖರ್ಚು ಮಾತ್ರ ಕೊಟ್ಟು ಏನಾದ್ರೂ ತರಿಸಿದ್ರಾ?” ಅಂತ ಶುರು ಮಾಡುತ್ತೇನೆ. ಹೀಗೆ ಕೇಳಿದರೆ ಬಾಯಿ ಬಿಡುತ್ತಾರೆ. ದೊಡ್ಡ ಮೊತ್ತದಿಂದ ಕೆಳಕ್ಕೆ ಹೋಗಿ ಚಿಕ್ಕ ಡಾಲರ್ ಮೊತ್ತ ಹುಡುಕುತ್ತೇನೆ. ಒಂದು ರೂಪಾಯಿ ಟ್ರಯಲ್ ಆ್ಯಪ್‌ಗಳ ಕೇಸಾದರೆ, ಆ್ಯಪ್ ಡಿಲೀಟ್ ಮಾಡಿದರೆ ಮ್ಯಾಂಡೇಟ್ ಸಾಯುವುದಿಲ್ಲ, ಯುಪಿಐ ಆ್ಯಪ್ ಒಳಗೆ ಆಟೋಪೇ ಪಟ್ಟಿಗೆ ಹೋಗಿ ಅಲ್ಲಿ ನಿಲ್ಲಿಸಿ ಅಂತ ಹೇಳುತ್ತೇನೆ. ಇದು ಎಷ್ಟು ಜನರಿಗೆ ಗೊತ್ತಿಲ್ಲ ಅಂದರೆ ಆಶ್ಚರ್ಯವಾಗುತ್ತದೆ, ನಮ್ಮ ಆಫೀಸಿನವರೂ ಸೇರಿ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ಡಾರ್ಕ್ ಪ್ಯಾಟರ್ನ್, ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ, ಪಟ್ಟಿ ಮಾಡಿತು. ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅದರಲ್ಲಿದೆ, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದೂ ಇದೆ. ಇಲ್ಲಿನ ಕಂಪನಿಯಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಅನ್ನುತ್ತೇನೆ. ತಿಂಗಳಿಗೊಂದು ಹೆಸರು ಬದಲಿಸುವ, ವಿಳಾಸವೇ ಸಿಗದ ಮಾತ್ರೆ ಅಂಗಡಿಗೆ ನೋಟಿಸ್ ಕಳಿಸುವುದಾದರೂ ಎಲ್ಲಿಗೆ? ಅಂಥ ಕಡೆ ಇಂಟರ್‌ನ್ಯಾಷನಲ್ ಆಫ್ ಮಾಡುವುದೇ ಕೆಲಸಕ್ಕೆ ಬರುವುದು.

ಮೇಷ್ಟ್ರ ಫೈಲ್ ಇನ್ನೂ ಮುಚ್ಚಿಲ್ಲ. 79.95ರ ಹಣ ವಾಪಸ್ ಬಂತು, ಆದರೆ ಅದರ ಮೇಲೆ ನಮ್ಮ ಬ್ಯಾಂಕೇ ಹಾಕಿದ್ದ 3.5% ಫಾರೆಕ್ಸ್ ಮಾರ್ಕಪ್ (ಡಾಲರ್ ವ್ಯವಹಾರಕ್ಕೆ ಹಾಕುವ ಶುಲ್ಕ) ಮತ್ತು ಅದರ ಜಿಎಸ್‌ಟಿ ಬಂದಿಲ್ಲ. ಒಟ್ಟು ₹277. ಮೇಷ್ಟ್ರು ಹಾಳೆಯ ಮೇಲೆ ಲೆಕ್ಕ ಬಿಡಿಸಿ ಫೋಟೋ ತೆಗೆದು ಮೇಲ್ ಮಾಡಿದ್ದಾರೆ, ಕೆಳಗೆ ಎರಡು ಗೆರೆ ಎಳೆದು. ಅದನ್ನು ಬ್ಯಾಂಕೇ ತನ್ನ ಕಡೆಯಿಂದ ಕೊಡಲಿ ಅಂತ ನಾನು ಗುಡ್‌ವಿಲ್ ಫಾರ್ಮ್ ಹಾಕಿದೆ. ಇಷ್ಟು ಚಿಕ್ಕ ಮೊತ್ತಕ್ಕೆ ಅಪ್ರೂವಲ್ ಬೇಡ ಅಂತಾರೆ ಟಿಎಲ್, ಬೇಕೇ ಬೇಕು ಅನ್ನುತ್ತದೆ ಫೈನಾನ್ಸ್. ಮೇಷ್ಟ್ರು ಪ್ರತಿ ಸೋಮವಾರ ನೆನಪಿನ ಮೇಲ್ ಹಾಕುತ್ತಿದ್ದಾರೆ, ಈಗ ಕನ್ನಡದಲ್ಲಿ, ಟಿಎಲ್‌ಗೂ ಪ್ರತಿ ಹಾಕಿ. ಟಿಎಲ್‌ಗೆ ಕನ್ನಡ ಓದಲು ಬರುವುದಿಲ್ಲ, ಪ್ರತಿ ಸೋಮವಾರ ನಾನೇ ಓದಿ ಹೇಳುತ್ತೇನೆ.