ಎಣ್ಣೆಯ ಕಲೆ ಕಾಣದ ಟೋಪಿ: ಬೋವಿಂಗ್ಟನ್ನಿನಲ್ಲಿ ಒಂದು ದಿನ

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇಮತ್ ಕಡೆಗೆ ಹೋಗುವ ರೈಲು ಹಿಡಿದು ನಾನು ಡಾರ್ಸೆಟ್ ಸೀಮೆಯ ವುಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದದ್ದು ಒಂದು ಟೋಪಿಯ ಹುಟ್ಟೂರನ್ನು ನೋಡುವುದಕ್ಕಾಗಿ. ಭಾರತ, ಪಾಕಿಸ್ತಾನ, ಇಸ್ರೇಲ್, ಕೆನಡಾ, ಪೋಲೆಂಡ್, ಜರ್ಮನಿ ಹೀಗೆ ಎಷ್ಟೋ ದೇಶಗಳ ಟ್ಯಾಂಕ್ ಪಡೆಗಳವರ ತಲೆಯ ಮೇಲೆ ಕಾಣುವುದು ಒಂದೇ ಬಗೆಯ ಕಪ್ಪು ಬೆರೆಟ್, ಅಂದರೆ ಅಂಚಿಲ್ಲದ ಮೆತ್ತನೆಯ ಉಣ್ಣೆಯ ಟೋಪಿ. 1965ರಲ್ಲಿ ಪಂಜಾಬಿನ ಅಸಲ್ ಉತ್ತರ್ ಬಯಲಿನಲ್ಲಿ ಎದುರುಬದುರಾದ ಭಾರತ, ಪಾಕಿಸ್ತಾನಗಳ ಎರಡೂ ಸೇನೆಗಳ ಟ್ಯಾಂಕ್ ದಳಗಳ ಟೋಪಿಯ ಬಣ್ಣ ಒಂದೇ ಆಗಿತ್ತೆಂಬುದು ಮೊದಲ ಸಲ ಹೊಳೆದಾಗ, ಇದರ ಮೂಲವನ್ನು ಹುಡುಕಿಕೊಂಡು ಹೋಗಲೇಬೇಕೆಂದು ನಿಶ್ಚಯಿಸಿದ್ದೆ.

ನಿಲ್ದಾಣದಿಂದ ಬೋವಿಂಗ್ಟನ್ ಸೇನಾ ನೆಲೆಗೆ ನಡೆದೇ ಹೋದೆ. ಕುರುಚಲು ಗಿಡಗಳ ಬಯಲಿನ ನಡುವೆ ಸಾಗುವ ರಸ್ತೆಯ ಪಕ್ಕದಲ್ಲಿ, ಇಲ್ಲಿ ಟ್ಯಾಂಕುಗಳು ದಾಟುತ್ತವೆ ಎಂಬ ಎಚ್ಚರಿಕೆಯ ಫಲಕಗಳಿದ್ದವು. 1916ರಿಂದ ಬ್ರಿಟನ್ನಿನ ಟ್ಯಾಂಕ್ ಸೈನಿಕರು ತರಬೇತಿ ಪಡೆಯುತ್ತಿರುವ ನೆಲ ಇದು. ಇಲ್ಲಿನ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿ ಟ್ಯಾಂಕಿನ ಮೊದಲ ಮಾದರಿಯಾದ 1915ರ ಲಿಟ್ಲ್ ವಿಲ್ಲಿ, 1943ರಲ್ಲಿ ಟುನೀಷಿಯಾದಲ್ಲಿ ಸೆರೆಸಿಕ್ಕ ಜರ್ಮನ್ ಟೈಗರ್ 131 ಮೊದಲಾದ ಪ್ರಸಿದ್ಧ ಯಂತ್ರಗಳಿವೆ. ಬಂದವರೆಲ್ಲ ಟೈಗರ್ ಮುಂದೆ ಗುಂಪುಗೂಡಿದ್ದರೆ, ನಾನು ಮೊದಲನೆಯ ಮಹಾಯುದ್ಧದ ಟ್ಯಾಂಕುಗಳ ಬಳಿಯೇ ಬಹಳ ಹೊತ್ತು ನಿಂತಿದ್ದೆ, ಏಕೆಂದರೆ ಟೋಪಿಯ ಕಥೆ ಅವುಗಳ ಒಡಲಿನಿಂದಲೇ ಆರಂಭವಾಗುತ್ತದೆ.

ಬದಿಯ ಬಾಗಿಲು ಮೊಣಕಾಲೂರಿ ನುಸುಳಬೇಕಾದಷ್ಟು ಚಿಕ್ಕದು. ಒಳಗೆ ಬಗ್ಗಿ ನೋಡಿದರೆ ನಟ್ಟನಡುವೆ ಎಂಜಿನ್, ಅದಕ್ಕೂ ಜನರಿಗೂ ನಡುವೆ ಅಡ್ಡಗೋಡೆಯೇ ಇಲ್ಲ, ಅದರ ಸುತ್ತಲಿನ ಇಕ್ಕಟ್ಟಿನಲ್ಲಿ ಎಂಟು ಮಂದಿ ಕೆಲಸ ಮಾಡಬೇಕು. ಬಿಸಿಗಾಳಿ, ಹೊಗೆ, ಗ್ರೀಸು, ಚಿಮ್ಮುವ ಎಣ್ಣೆ. ಅಂಚು ಮುಂದಕ್ಕೆ ಚಾಚಿದ ಖಾಕಿ ಟೋಪಿ ತೊಟ್ಟವನು ಇಣುಕುಕಿಂಡಿಗೆ ಕಣ್ಣು ಹಚ್ಚಲಾರ, ಏಳುವಾಗ ಬಾಗುವಾಗ ಟೋಪಿ ಎಲ್ಲೋ ತಗುಲಿ ಬೀಳುತ್ತದೆ, ಬೀಳದಿದ್ದರೂ ಸಂಜೆಯ ಹೊತ್ತಿಗೆ ಎಣ್ಣೆಯ ಬೆರಳಚ್ಚುಗಳಿಂದ ಕೆಟ್ಟುಹೋಗಿರುತ್ತದೆ.

ಇದಕ್ಕೆ ಪರಿಹಾರ ಸಿಕ್ಕಿದ್ದು ಫ್ರೆಂಚ್ ಸೈನಿಕರಿಂದ. 1918ರಲ್ಲಿ ಟ್ಯಾಂಕ್ ಪಡೆಯ ಸೇನಾನಿಯಾಗಿದ್ದ ಹ್ಯೂ ಎಲ್ಲೆಸ್, ನೆರೆಯಲ್ಲಿ ಬೀಡುಬಿಟ್ಟಿದ್ದ ಫ್ರಾನ್ಸಿನ ಪರ್ವತ ಪಡೆಯವರ ಅಗಲವಾದ ಬೆರೆಟನ್ನು ಗಮನಿಸಿದರು, ತಾವೂ ತೊಟ್ಟು ನೋಡಿದರು. ಹಿಂದಿನ ವರ್ಷವಷ್ಟೇ ಕಾಂಬ್ರೆ ಕದನದಲ್ಲಿ ಹಿಲ್ಡಾ ಎಂಬ ಟ್ಯಾಂಕಿನಲ್ಲಿ ತಾವೇ ಮುಂದೆ ನಿಂತು ಹೋಗಿದ್ದ ಅವರಿಗೆ ಒಳಗಿನ ಕಷ್ಟ ಬಾಯಿಮಾತಿನದಾಗಿರಲಿಲ್ಲ. ಪರ್ವತ ಪಡೆಯ ಬೆರೆಟ್ ತೀರ ದೊಡ್ಡದಾಗಿ ಜೋತುಬೀಳುತ್ತಿತ್ತು, ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಬಾಸ್ಕ್ ಜನರದು ತೀರ ಚಿಕ್ಕದೆನಿಸಿತು, ಕೊನೆಗೆ ಇವೆರಡರ ನಡುವಣ ಅಳತೆಯೊಂದು ಒಪ್ಪಿತವಾಯಿತು. ಎಣ್ಣೆಯ ಕಲೆ ಕಾಣಬಾರದೆಂದು ಕಪ್ಪು ಬಣ್ಣ. 1924ರಲ್ಲಿ ದೊರೆ ಐದನೆಯ ಜಾರ್ಜ್ ಅದಕ್ಕೆ ಒಪ್ಪಿಗೆಯಿತ್ತರು. ಇಂದು ಈ ಬಣ್ಣಕ್ಕೆ ಭಯ, ಸಾವು, ರಹಸ್ಯ ಎಂದೆಲ್ಲ ಅರ್ಥ ಹಚ್ಚುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಕೊಳೆಯಾಗುವ ಕೆಲಸ ಮಾಡುವವರು ಮರ್ಯಾದೆಯಿಂದ ತೊಡಬಹುದಾದ ಟೋಪಿ ಎಂಬ ನಿಜವಾದ ಕಾರಣವೇ ಎಷ್ಟೋ ಹೆಚ್ಚು ಗೌರವದ್ದು.

ಗಾಜಿನ ಕಪಾಟಿನಲ್ಲಿ ಎರಡನೆಯ ಮಹಾಯುದ್ಧದ ಬ್ರಿಟಿಷ್ ಸೇನಾನಿ ಮಾಂಟ್‌ಗೊಮೆರಿಯವರ ಬೆರೆಟ್ ಇದೆ. ಅವರು ಕಾಲಾಳು ಪಡೆಯಿಂದ ಬಂದವರು, ಟ್ಯಾಂಕಿನವರಲ್ಲ. 1942ರಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಎಂಟನೆಯ ಸೇನೆಯ ನಾಯಕತ್ವ ವಹಿಸಿದ ಮೇಲೆ ಅವರು ಕಪ್ಪು ಬೆರೆಟ್ ತೊಟ್ಟು, ಅದರ ಮೇಲೆ ಟ್ಯಾಂಕ್ ರೆಜಿಮೆಂಟಿನ ಬ್ಯಾಜನ್ನೂ ತಮ್ಮ ಜನರಲ್ ಪದವಿಯ ಬ್ಯಾಜನ್ನೂ ಅಕ್ಕಪಕ್ಕ ಚುಚ್ಚಿಕೊಂಡರು. ಒಂದು ಟೋಪಿಗೆ ಎರಡು ಬ್ಯಾಜು ನಿಯಮಕ್ಕೆ ಹೊರತಾದದ್ದು, ಆದರೆ ದೂರದಿಂದಲೇ ಸೈನಿಕರು ತಮ್ಮ ಸೇನಾನಿಯನ್ನು ಗುರುತಿಸುವಂತಾಯಿತು. ನನ್ನ ಕಣ್ಣು ಆ ಬ್ಯಾಜುಗಳಿಗಿಂತ ಹೆಚ್ಚಾಗಿ ಮಾಸಿದ ಉಣ್ಣೆಯ ಮೇಲೆಯೇ ನಿಂತಿತು.

ಅಲ್ಲಿ ಸ್ವಯಂಸೇವಕರಾಗಿದ್ದ ಹಿರಿಯರೊಬ್ಬರು ನನ್ನ ಆಸಕ್ತಿ ಕಂಡು ತಮ್ಮ ಹಳೆಯ ಬೆರೆಟನ್ನು ನನ್ನ ಕೈಗೆ ಕೊಟ್ಟರು. ಹೊಸ ಬೆರೆಟನ್ನು ನೀರಿನಲ್ಲಿ ನೆನೆಸಿ, ಒದ್ದೆಯಿರುವಾಗಲೇ ತಲೆಗೆ ತೊಟ್ಟು, ಬಟ್ಟೆಯನ್ನು ಬಲಗಿವಿಯ ಕಡೆಗೆ ಎಳೆದು, ಬ್ಯಾಜು ಎಡಗಣ್ಣಿನ ಮೇಲೆ ಬರುವಂತೆ ಕೂರಿಸಿ, ಹಾಗೆಯೇ ಒಣಗಲು ಬಿಡಬೇಕೆಂದು ಅವರು ವಿವರಿಸಿದರು. ಫ್ರೆಂಚರು ಸಾಮಾನ್ಯವಾಗಿ ಎಡಕ್ಕೆ ಎಳೆಯುತ್ತಾರೆ, ನಾವು ಬಲಕ್ಕೆ ಎಂದು ಸೇರಿಸಿದರು. ಹೊರಗಿನ ಉಣ್ಣೆಯಲ್ಲಿ ಒಂದು ಕಲೆಯೂ ಕಾಣಲಿಲ್ಲ. ಒಳಗಿನ ತೊಗಲಿನ ಪಟ್ಟಿ ಮಾತ್ರ ಹಣೆ ತಾಗುವ ಕಡೆ ಬೆವರಿನಿಂದ ಕಂದಿ, ಬಿರುಕುಬಿಟ್ಟಿತ್ತು.

ಟ್ಯಾಂಕಿನಾಚೆಗೂ ಈ ಟೋಪಿ ಹರಡಿದೆ. 1963ರಲ್ಲಿ ಸೋವಿಯತ್ ನೌಕಾ ಪದಾತಿ ದಳ ಕಪ್ಪು ಬೆರೆಟನ್ನು ತನ್ನದಾಗಿಸಿಕೊಂಡಿತು, ರಷ್ಯದಲ್ಲಿ ಆ ಸೈನಿಕರಿಗೆ ಕಪ್ಪು ಬೆರೆಟಿನವರು ಎಂಬ ಹೆಸರೇ ಉಳಿದಿದೆ. ಅಮೆರಿಕದ ಕಥೆಯನ್ನು ಆ ಹಿರಿಯರು ಕಳವಳದಿಂದಲೇ ಹೇಳಿದರು. ಅಲ್ಲಿ 1975ರಿಂದ ಅದು ರೇಂಜರ್ ಎಂಬ ಆಯ್ದ ಸೈನಿಕರ ಪಡೆಯವರು ಕಠಿಣ ಪರೀಕ್ಷೆಗಳನ್ನು ದಾಟಿ ಗಳಿಸುವ ಗುರುತಾಗಿತ್ತು. 2000ದಲ್ಲಿ ಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ ಇಡೀ ಭೂಸೇನೆಗೆ ಕಪ್ಪು ಬೆರೆಟ್ ಎಂದು ಘೋಷಿಸಿದಾಗ ಮಾಜಿ ರೇಂಜರುಗಳು ಪ್ರತಿಭಟಿಸಿ ವಾಷಿಂಗ್ಟನ್ನಿನವರೆಗೆ ಕಾಲ್ನಡಿಗೆಯಲ್ಲಿ ಹೋದರು, ಒಂದಷ್ಟು ಬೆರೆಟುಗಳು ಚೀನಾದಲ್ಲಿ ತಯಾರಾದದ್ದೆಂದು ತಿಳಿದು ಕೋಲಾಹಲ ಇನ್ನೂ ಹೆಚ್ಚಿತು. ಆದರೂ 2001ರ ಜೂನ್ 14ರಂದು ಆದೇಶ ಜಾರಿಯಾಯಿತು, ರೇಂಜರುಗಳು ಕಂದುಹಳದಿ ಬೆರೆಟಿಗೆ ಬದಲಾದರು. 2011ರಲ್ಲಿ ಅದೇ ಸೇನೆ ನಿತ್ಯದ ಸಮವಸ್ತ್ರದ ಜೊತೆಗೆ ಮತ್ತೆ ಅಂಚಿರುವ ಟೋಪಿಯನ್ನೇ ತಂದಿತು. ಗಳಿಸಿದವರ ಗುರುತನ್ನು ಎಲ್ಲರಿಗೂ ಹಂಚಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಅದರಿಂದ ಪಡೆದವರಿಗೆ ಹೆಚ್ಚೇನೂ ದಕ್ಕಲಿಲ್ಲ, ಕಳೆದುಕೊಂಡವರಿಗೆ ನೋವಂತೂ ಆಯಿತು.

ಬಾಗಿಲು ಮುಚ್ಚುವ ಹೊತ್ತಾಗಿತ್ತು. ಬೆರೆಟನ್ನು ಹಿಂದಿರುಗಿಸಿದೆ. ಹಿರಿಯರು ಕನ್ನಡಿ ಹುಡುಕಲಿಲ್ಲ. ಎರಡೂ ಕೈಗಳಿಂದ ಅದನ್ನು ತಲೆಗಿಟ್ಟು, ಬಲಕ್ಕೆ ಒಮ್ಮೆ ಸವರಿ, ಬ್ಯಾಜು ಎಡಗಣ್ಣಿನ ನೇರಕ್ಕೆ ಇದೆಯೇ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿಕೊಂಡು, ಟ್ಯಾಂಕುಗಳ ಸಾಲಿನ ನಡುವೆ ದೀಪ ಆರಿಸಲು ಹೊರಟರು.