ಹೊಸ ವೀಣೆಯ ಹುಡುಕಾಟ: 35 ಸಾವಿರದೊಳಗೆ ಏನು ನೋಡಿ ಕೊಂಡೆ

ಮೇ: ಹಳೆ ವೀಣೆಯ ಸ್ಥಿತಿ

ನನ್ನ ಹಳೆ ವೀಣೆಯ ಸಾರಣಿ, ಅಂದರೆ ಮೊದಲ ಮುಖ್ಯ ತಂತಿಯ ಹನ್ನೆರಡನೇ ಮೆಟ್ಟಿಲಲ್ಲಿ (ತಂತಿ ಒತ್ತುವ ಅಡ್ಡಪಟ್ಟಿ) ತಾರಷಡ್ಜ, ಅಂದರೆ ಮೇಲಿನ ಸ, ನಿಲ್ಲುತ್ತಿಲ್ಲ. ಬಿಟ್ಟ ತಂತಿಯನ್ನು ತಂಬೂರಿಗೆ ಎಷ್ಟು ಚೆನ್ನಾಗಿ ಕೂಡಿಸಿದರೂ ಅಲ್ಲಿ ಒತ್ತಿದ ಕೂಡಲೇ ಸ್ವರ ಏರುತ್ತದೆ. ಅಲ್ಲಿಂದ ಮುಂದೆ, ಕುದುರೆಯ (ಕೊಡದ ಮೇಲೆ ತಂತಿಗಳನ್ನು ಹೊರುವ ಆಸರೆ) ಕಡೆ ಹೋದ ಹಾಗೆಲ್ಲ ಇನ್ನಷ್ಟು ಏರುತ್ತದೆ, ಬೆರಳಿಗೂ ನೋವು. ಮೆಟ್ಟಿಲುಗಳನ್ನು ಹಿಡಿದಿರುವ ಮೇಣ ಸಡಿಲವಾಗಿದೆ, ಮೇಳ ಕಟ್ಟಿಸಿದರೆ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಹೊಸದಾಗಿ ಕೂರಿಸಿದರೆ, ಸರಿಹೋಗುತ್ತದೆ ಎಂಬ ಆಸೆ ಇತ್ತು. ನನಗೆ ವೀಣೆ ಕಲಿಸುವ ಮೇಷ್ಟ್ರು ವೀಣೆಯನ್ನು ಎತ್ತಿ, ಕೊಡದ (ದೊಡ್ಡ ಟೊಳ್ಳು ಭಾಗ) ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯ (ಮೆಟ್ಟಿಲುಗಳಿರುವ ಉದ್ದ ಭಾಗ) ಉದ್ದಕ್ಕೂ ನೋಡಿದರು. ಆಮೇಲೆ ಕುದುರೆಯಿಂದ ಇನ್ನೊಂದು ತುದಿಯಲ್ಲಿ ತಂತಿ ಹೊರುವ ಮೇರುವಿನವರೆಗೆ ಒಂದು ದಾರ ಬಿಗಿಯಾಗಿ ಹಿಡಿಯಲು ಹೇಳಿದರು.

"ನೋಡಮ್ಮ, ಇದು ಮೇಣದ ತೊಂದರೆ ಅಲ್ಲ. ದಂಡಿ ಕೊಡಕ್ಕೆ ಸೇರುವ ಜಾಗ ಸೋತಿದೆ."

ಏಳು ತಂತಿಗಳ ಎಳೆತ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಬೀಳುತ್ತದೆ. ಜೋಡಿಸಿದ ವೀಣೆಯಲ್ಲಿ ಆ ಸೇರಿಕೆ ಸ್ವಲ್ಪ ಬಿಟ್ಟುಕೊಟ್ಟರೂ ದಂಡಿಯ ತುದಿ ಮೇಲೆದ್ದು, ಕುದುರೆಯ ಹತ್ತಿರದ ಮೆಟ್ಟಿಲುಗಳಿಗೂ ತಂತಿಗೂ ನಡುವೆ ಅಂತರ ಹೆಚ್ಚುತ್ತದೆ. ಅಷ್ಟು ದೂರ ಒತ್ತಿದರೆ ತಂತಿ ಹಿಗ್ಗುತ್ತದೆ, ಹಿಗ್ಗಿದ ತಂತಿ ಹೆಚ್ಚು ಶ್ರುತಿಯಲ್ಲಿ ನುಡಿಯುತ್ತದೆ. ಮೇಣದ ಕಟ್ಟೆಯನ್ನು ಎತ್ತರಿಸಿ ಮೆಟ್ಟಿಲನ್ನು ತಂತಿಯ ಹತ್ತಿರ ತರಬಹುದು. ನಮ್ಮದರಲ್ಲಿ ಆ ಕೆಲಸ ಹಿಂದೆಯೇ ಆಗಿತ್ತು, ಇನ್ನು ಎತ್ತರಿಸಲು ಜಾಗವಿಲ್ಲ. ದಂಡಿ ಬಿಚ್ಚಿ ಮತ್ತೆ ಕೂಡಿಸಿ, ಹೊಸದಾಗಿ ಮೇಳ ಕಟ್ಟಿಸುವ ಖರ್ಚು ಕೇಳಿದೆ. ಅದು ಸಾದಾ ಹೊಸ ವೀಣೆಯ ಅರ್ಧ ಬೆಲೆ ದಾಟಿತು. ಕೊಡದ ಮೇಲ್ಹಲಗೆಯಲ್ಲಿ ಸಣ್ಣ ಬಿರುಕೂ ಇದೆ. ಹಾಗಾಗಿ ಹೊಸದನ್ನೇ ಕೊಳ್ಳುವ ತೀರ್ಮಾನ. ಎಲ್ಲ ಸೇರಿ 35 ಸಾವಿರ ರೂಪಾಯಿಯ ಮಿತಿ ಹಾಕಿಕೊಂಡೆ.

ಜೂನ್: ಅಂಗಡಿಗಳು

ಬೆಂಗಳೂರಿನ ಅಂಗಡಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೆತ್ತನೆ: ದಂಡಿಯ ತುದಿಯ ಯಾಳಿಮುಖ (ಕಾಲ್ಪನಿಕ ಪ್ರಾಣಿಯ ಮುಖ), ಅದರ ಬಣ್ಣ, ಕೊಡದ ಸುತ್ತ ಬಳ್ಳಿ, ಅಂಚಿಗೆಲ್ಲ ಬಿಳಿ ಪಟ್ಟಿ. ಚಂದವೇ, ನನಗೂ ಇಷ್ಟ. ಹಿಂದೆ ಆ ಅಂಚಿಗೆ ದಂತ ಅಥವಾ ಜಿಂಕೆ ಕೊಂಬು ಹಾಕುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ. ಅದಕ್ಕೂ ನಾದಕ್ಕೂ ಸಂಬಂಧವಿಲ್ಲ. ಒಂದೇ ಬೆಲೆಯ ಎರಡು ವೀಣೆ ಪಕ್ಕಪಕ್ಕ ಇಟ್ಟಾಗ, ಹೆಚ್ಚು ಕೆತ್ತಿದ್ದರಲ್ಲಿ ಮರ ಮತ್ತು ಮೇಳಕ್ಕೆ ಹೋದ ದುಡ್ಡು ಕಡಿಮೆ ಎಂಬುದು ಕೈಗೇ ಗೊತ್ತಾಯಿತು. ಮೆಟ್ಟಿಲುಗಳ ಎತ್ತರ ಒಂದೇ ಸಮ ಇರಲಿಲ್ಲ. ಅತಿ ತಗ್ಗಿನ ಅನುಮಂದ್ರ ತಂತಿ ಮೀಟಿದರೆ ಪಕ್ಕದ ಮೆಟ್ಟಿಲಿಗೆ ತಾಗಿ ಕಿರಕಿರ ಎನ್ನುತ್ತಿತ್ತು.

ಬೀಟೆ ಮರದ ವೀಣೆಗಳನ್ನೂ ನೋಡಿದೆ. ಮೈಸೂರಿನ ಬೀಟೆ ಕೆಲಸಕ್ಕೆ ದೊಡ್ಡ ಹೆಸರು. ಆದರೆ ಬೆಲೆ ನನ್ನ ಮಿತಿಗಿಂತ ಬಹಳ ಮೇಲೆ, ತೂಕವೂ ಜಾಸ್ತಿ. ವೀಣೆಗೆ ಹೆಚ್ಚಾಗಿ ಬಳಸುವುದು ಹಲಸು, ತಂಜಾವೂರಿನಲ್ಲೂ ಅದೇ. ಒಂದೇ ತುಂಡಿನಲ್ಲಿ ಕೊಡ, ದಂಡಿ ಎಲ್ಲ ಕೊರೆದ ಏಕಾಂಡ ವೀಣೆಯಲ್ಲಿ ನನ್ನ ಹಳೆಯದಕ್ಕೆ ಬಂದ ತೊಂದರೆಗೆ ಎಡೆ ಕಡಿಮೆ, ಏಕೆಂದರೆ ಅಲ್ಲಿ ಸೇರಿಕೆಯೇ ಇಲ್ಲ. ಅಷ್ಟು ದಪ್ಪದ ಮರ ಬೇಕಾಗುವುದರಿಂದ ಬೆಲೆ ಏರುತ್ತದೆ. ಜೋಡಿಸಿದ ವೀಣೆಯನ್ನೇ ತೆಗೆದುಕೊಳ್ಳುವುದು, ಸೇರಿಕೆಯನ್ನು ಚೆನ್ನಾಗಿ ಪರೀಕ್ಷಿಸುವುದು ಎಂದುಕೊಂಡೆ.

ಡಿಜಿಟಲ್ ವೀಣೆಯನ್ನೂ ನುಡಿಸಿ ನೋಡಿದೆ. ಬೆಂಗಳೂರಿನ ರಾಡೆಲ್ ಕಂಪನಿ ತಯಾರಿಸುವಂಥದ್ದು. ಮೇಣವಿಲ್ಲ, ಬಿಚ್ಚಿ ಚೀಲದಲ್ಲಿ ಹಾಕಬಹುದು, ಕಛೇರಿಗೆ ಊರೂರು ತಿರುಗುವವರಿಗೆ ನಿಜಕ್ಕೂ ದೊಡ್ಡ ಅನುಕೂಲ. ನಾನು ಮನೆಯಲ್ಲಿ ಕೂತು ನುಡಿಸುವವಳು. ಕೊಡವನ್ನು ನೆಲಕ್ಕಿಟ್ಟು, ದಂಡಿಯ ಇನ್ನೊಂದು ತುದಿಯ ಬುರುಡೆಯನ್ನು ಎಡತೊಡೆಯ ಮೇಲೆ ಇಟ್ಟುಕೊಂಡಾಗ ಮರದ ಕಂಪನ ಮೈಗೆ ಬರಬೇಕು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಜುಲೈ: ಸಿಂಪಾಡಿಪುರ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವ ಊರು. ಮರ ಕೊರೆಯುವ ಹಂತದಿಂದ ಕೆಲಸ ನೋಡಲು ಸಿಗುತ್ತದೆ ಎಂಬ ಕಾರಣಕ್ಕೇ ಅಲ್ಲಿಗೆ ಹೋದೆ. ಅರ್ಧ ಕೊರೆದ ಹಲಸಿನ ಕೊಡಗಳು ನೆರಳಲ್ಲಿ ಒಣಗುತ್ತಿದ್ದವು. ಒಳಗಡೆ ಉಳಿಯ ಗುರುತು ಕಾಣುತ್ತಿತ್ತು. ಕೊಡದ ಗೋಡೆ ತೀರ ದಪ್ಪವಾದರೆ ನಾದ ಮಂಕಾಗುತ್ತದೆ, ತೀರ ತೆಳ್ಳಗಾದರೆ ಸ್ವರ ಬೇಗ ಹೊರಟು ಬೇಗ ಅಡಗುತ್ತದೆ. ಆ ನಡುವಿನ ದಪ್ಪ ವೀಣೆ ಮಾಡುವ ಯಜಮಾನರ ಬೆರಳಿಗೆ ಗೊತ್ತು. ಅಳತೆಪಟ್ಟಿ ಹಿಡಿದದ್ದನ್ನು ನಾನು ನೋಡಲಿಲ್ಲ.

ನನಗೆ ಬೇಕಾದ್ದನ್ನು ಹೇಳಿದೆ: ಕೆತ್ತನೆ ಬೇಡ, ಸಾದಾ ಯಾಳಿ ಸಾಕು, ಉಳಿದ ದುಡ್ಡು ಮೇಳಕ್ಕೆ ಹೋಗಲಿ.

"ಅಮ್ಮಾ, ಕೆತ್ತನೆ ಬೇಡ ಅನ್ನೋರು ಅಪರೂಪ. ಹಾಗಾದ್ರೆ ಒಂದು ಹಳೇ ಮರ ಐತೆ, ನೋಡಿ."

ಆ ಮರದಲ್ಲಿ ಮಾಡಿ ಮುಗಿಸಿದ್ದ ವೀಣೆಯೊಂದು ಬಣ್ಣಕ್ಕೆ ಕಾಯುತ್ತಿತ್ತು. ಅಲ್ಲೇ ಪರೀಕ್ಷೆ ಶುರು. ಮೊದಲು ದಾರ ಹಿಡಿದು ದಂಡಿ ನೇರ ಇದೆಯೇ ಎಂದು ನೋಡಿದೆ. ಸೇರಿಕೆಯ ಸುತ್ತ ಉಗುರು ಓಡಿಸಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೊಡದ ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದೆ. ಅಂಟು ಬಿಟ್ಟ ಜಾಗವಿದ್ದರೆ ಸದ್ದು ಒಡಕಾಗಿ ಬರುತ್ತದೆ, ಇಲ್ಲಿ ಎಲ್ಲ ಕಡೆ ಒಂದೇ ಥರ. ಬುರುಡೆ ಫೈಬರಿನದು. ಸೋರೆ ಬುರುಡೆ ಇದ್ದರೆ ಚಂದ, ಆದರೆ ಬೇಗ ಒಡೆಯುತ್ತದೆ. ಸರಸ್ವತಿ ವೀಣೆಯಲ್ಲಿ ಬುರುಡೆಯ ಪಾಲು ನಾದಕ್ಕಿಂತ ಆಸರೆಗೇ ಹೆಚ್ಚು, ಆದ್ದರಿಂದ ಫೈಬರ್ ಒಪ್ಪಿಕೊಂಡೆ.

ಹೆಚ್ಚು ಹೊತ್ತು ಕಳೆದದ್ದು ಕುದುರೆಯ ಮೇಲೆ. ಮರದ ಕುದುರೆಗೆ ಕಂಚಿನ ತಗಡು ಕೂರಿಸಿರುತ್ತಾರೆ, ಅದರ ಮೇಲ್ಮೈ ತುಸು ಉಬ್ಬಿರಬೇಕು. ತಂತಿ ಆ ಉಬ್ಬನ್ನು ಸವರಿಕೊಂಡು ಬಿಡುವ ರೀತಿಯಲ್ಲೇ ವೀಣೆಯ ಜೀವ ಇರುವುದು. ಉಬ್ಬು ಹೆಚ್ಚಾದರೆ ಝೇಂಕಾರ ಕುಗ್ಗುತ್ತದೆ, ತೀರ ಚಪ್ಪಟೆಯಾದರೆ ಸ್ವರ ಉಸಿರುಗಟ್ಟುತ್ತದೆ. ಯಜಮಾನರು ಒಂದು ತಂತಿ ಸಡಿಲಿಸಿ ತಗಡನ್ನು ಅರದಿಂದ ಎರಡು ಸಲ ಉಜ್ಜಿ ಮತ್ತೆ ಬಿಗಿದರು. ಮಂದ್ರ ಷಡ್ಜ, ಅಂದರೆ ಕೆಳಗಿನ ಸ, ಅಷ್ಟರಿಂದಲೇ ಬೇರೆಯಾಯಿತು, ಉದ್ದ ನಿಂತಿತು. ಇದನ್ನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ.

ಬೆಲೆ 27 ಸಾವಿರಕ್ಕೆ ಮುಗಿಯಿತು. ತಂತಿ ಬಿಗಿಯುವ ಬಿರಡೆಯ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಿದೆ. ಮರದ ಬಿರಡೆ ಮಳೆಗಾಲದಲ್ಲಿ ಉಬ್ಬಿ ತಿರುಗುವುದೇ ಇಲ್ಲ, ಬೇಸಿಗೆಯಲ್ಲಿ ಜಾರುತ್ತದೆ. ನಾಲ್ಕು ಮುಖ್ಯ ತಂತಿಗಳಿಗೆ ಗಿಟಾರ್ ಕೀ ಹಾಕಿಸಿದೆ, ಅದಕ್ಕೆ 1,500 ರೂಪಾಯಿ ಹೆಚ್ಚು. ಮೇಷ್ಟ್ರಿಗೆ ಇದು ಅಷ್ಟು ಒಪ್ಪಿಗೆಯಾಗಲಿಲ್ಲ. ನನ್ನ ಬೆರಳ ಗಂಟುನೋವಿಗೆ ಇದೇ ಸರಿ ಎಂದು ಹೇಳಿದ ಮೇಲೆ ಸುಮ್ಮನಾದರು.

ಆಗಸ್ಟ್: ಮೇಳ ಕಟ್ಟಿದ ದಿನ

ಮೇಳ ಕಟ್ಟುವಾಗ ನಾನೂ ಕೂತಿರಬೇಕು ಎಂದು ಮೊದಲೇ ಕೇಳಿಕೊಂಡಿದ್ದೆ. ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ ಕರಿ ಮುದ್ದೆ ಮಾಡಿದ್ದರು. ದಂಡಿಯ ಎರಡೂ ಅಂಚಿಗೆ ಅದರ ಕಟ್ಟೆ, ಆ ಕಟ್ಟೆಯ ಮೇಲೆ 24 ಮೆಟ್ಟಿಲು. ಒಂದು ಸ್ಥಾಯಿಗೆ (ಒಂದು ಸ-ದಿಂದ ಮೇಲಿನ ಸ-ವರೆಗೆ) ಹನ್ನೆರಡರಂತೆ ಎರಡು ಸ್ಥಾಯಿ. ಈ 24 ಮೆಟ್ಟಿಲಿನ ವ್ಯವಸ್ಥೆ 17ನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ ರೂಪುಗೊಂಡಿತು ಎಂದು ಸಂಗೀತದವರು ಹೇಳುತ್ತಾರೆ. ಅದಕ್ಕೂ ಮುಂಚೆ ರಾಗಕ್ಕೆ ತಕ್ಕಂತೆ ಮೆಟ್ಟಿಲು ಸರಿಸಬೇಕಾದ ವೀಣೆಗಳಿದ್ದವು.

ಮೊದಲು ಪಂಚಮ, ತಾರಷಡ್ಜದ ಮೆಟ್ಟಿಲು ಕೂರಿಸಿದರು. ಹನ್ನೆರಡನೆಯದನ್ನು ಹೀಗೆ ನೋಡಿದೆವು: ತಂತಿಯ ಸರಿಯಾದ ಅರ್ಧದಲ್ಲಿ ಬೆರಳನ್ನು ಹಗುರಾಗಿ ಮುಟ್ಟಿಸಿ ಮೀಟಿದರೆ ತಾರಷಡ್ಜ ತಾನಾಗಿ ಕೇಳುತ್ತದೆ. ಮೆಟ್ಟಿಲ ಮೇಲೆ ಒತ್ತಿ ಮೀಟಿದ್ದೂ ಅದಕ್ಕೆ ಕೂಡಬೇಕು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಯಜಮಾನರು ಹೆಬ್ಬೆರಳಿನಿಂದ ಮೆಟ್ಟಿಲನ್ನು ತಳ್ಳಿ ಮತ್ತೆ ಕೇಳಿಸುತ್ತಿದ್ದರು. ಅಂತರ ಗಾಂಧಾರ, ಅಂದರೆ ಮೇಲಿನ ಗ, ಎಲ್ಲಿರಬೇಕು ಎಂದು ನನ್ನನ್ನೇ ಕೇಳಿದರು. ಮೇಷ್ಟ್ರ ಪಾಠದಲ್ಲಿ ನಾನು ಕೇಳುತ್ತ ಬಂದ ಶಂಕರಾಭರಣದ ಗಾಂಧಾರವನ್ನು ಹಾಡಿ ತೋರಿಸಿದೆ. ಮೆಟ್ಟಿಲು ತುಸು ಹಿಂದೆ ಸರಿಯಿತು. ಮೇಣದ ಮೇಳದ ದೊಡ್ಡ ಗುಣವೇ ಇದು, ಅವರವರ ಕಿವಿಗೆ ತಕ್ಕಂತೆ ವೀಣೆಯನ್ನು ಹೊಂದಿಸಬಹುದು.

ತಂತಿಯ ಎತ್ತರದ ವಿಷಯಕ್ಕೆ ಬಂದಾಗ ಬಾನಿಯ, ಅಂದರೆ ನುಡಿಸುವ ಶೈಲಿಯ ಮಾತು ಬಂತು. ನಾನು ಕಲಿತದ್ದು ಮೈಸೂರು ಬಾನಿ, ವೀಣೆ ಶೇಷಣ್ಣ (1852–1926), ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ದಾರಿ. ಇಲ್ಲಿ ತಂತಿಯನ್ನು ಬಹಳ ದೂರ ಎಳೆಯುವುದಕ್ಕಿಂತ ಮೀಟಿನ ಸ್ಪಷ್ಟತೆಗೆ, ಎಡಗೈ ಬೆರಳು ಬಿಡಿಸಿಕೊಂಡು ಓಡುವುದಕ್ಕೆ ಮಹತ್ವ ಹೆಚ್ಚು. ಹಾಗಾಗಿ ತಂತಿ ತಗ್ಗಿನಲ್ಲೇ ಇರಲಿ ಎಂದೆ. ಎಳೆತ ಹೆಚ್ಚಿರುವ ಬಾನಿಯವರಾದರೆ ಬೇರೆ ಥರ ಕೇಳಬೇಕಾಗುತ್ತದೆ, ಇದನ್ನು ಕೊಳ್ಳುವ ಮುಂಚೆ ತಮ್ಮ ಗುರುಗಳೊಂದಿಗೆ ಮಾತಾಡಿಕೊಳ್ಳುವುದು ಮೇಲು.

ಸೆಪ್ಟೆಂಬರ್: ಮನೆಯಲ್ಲಿ

ತಾರಸ್ಥಾಯಿ ಶುದ್ಧವಾಗಿದೆ. ಕೊನೆಯ ಮೆಟ್ಟಿಲಿನ ಅತಿತಾರ ಷಡ್ಜ ಕೂಡ ಕೂಡುತ್ತದೆ. ಅನುಮಂದ್ರ ಪಂಚಮದಿಂದ ಅಲ್ಲಿಯವರೆಗೆ ಮೂರೂವರೆ ಸ್ಥಾಯಿ, ಎಲ್ಲೂ ಬೆರಳು ಹಿಂಜರಿಯಬೇಕಾಗಿಲ್ಲ. ಮಂದ್ರದ ನಾದ ಹಳೆಯದರಷ್ಟು ತುಂಬಿಲ್ಲ. ಹೊಸ ವೀಣೆ ನುಡಿಸುತ್ತ ಹೋದ ಹಾಗೆ ತೆರೆದುಕೊಳ್ಳುತ್ತದೆ ಎಂದು ಮೇಷ್ಟ್ರು ಹೇಳುತ್ತಾರೆ, ಈಗ ಅಭ್ಯಾಸದ ಮೊದಲ ಅರ್ಧಗಂಟೆ ಮಂದ್ರ ತಂತಿಗೇ ಮೀಸಲು.

ಮೇಣಕ್ಕೆ ಬಿಸಿಲು ಶತ್ರು. ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯಿಂದ ದೂರ, ಒಳಗೋಡೆಯ ಪಕ್ಕ ಜಾಗ ಮಾಡಿದ್ದೇನೆ. ನಿಲ್ಲಿಸಿದ ಕಾರಿನಲ್ಲಂತೂ ಅರ್ಧಗಂಟೆಯೂ ಬಿಡುವಂತಿಲ್ಲ. ಫೈಬರ್ ಪೆಟ್ಟಿಗೆ ಮಿತಿಗೆ ಹೊರಗಿತ್ತು. ದಪ್ಪ ಸ್ಪಂಜು ಹಾಕಿ ಕ್ಯಾನ್ವಾಸ್ ಚೀಲ ಹೊಲಿಸಿದೆ, 2,000 ರೂಪಾಯಿ.

ಅಲ್ಲಿಗೆ 30,500 ಆಯಿತು. ಉಳಿದ 4,500ನ್ನು ಮುಟ್ಟಿಲ್ಲ. ಹೊಸ ಮರ ಒಂದು ಮಳೆಗಾಲ, ಒಂದು ಬೇಸಿಗೆ ಕಂಡ ಮೇಲೆ ಸ್ವಲ್ಪ ಅಲುಗಾಡುತ್ತದೆ, ಆಗ ಮೇಳವನ್ನು ಮತ್ತೆ ತಿದ್ದಿಸಬೇಕು. ಯಜಮಾನರು ಮುಂದಿನ ಜೂನ್‌ಗೆ ಬನ್ನಿ ಎಂದಿದ್ದಾರೆ. ಅಷ್ಟರೊಳಗೆ ಪ್ರತಿ ತಿಂಗಳೂ ದಾರ ಹಿಡಿದು ದಂಡಿ ನೋಡಿ, ಹನ್ನೆರಡನೇ ಮೆಟ್ಟಿಲು ಎಷ್ಟು ಕೂಡುತ್ತಿದೆ ಎಂಬುದನ್ನು ಇಲ್ಲೇ ಬರೆಯುತ್ತೇನೆ.