ಲಕ್ಕುಂಡಿಗೆ ಓಡುವ ಮುಂಚೆ ಗದುಗಿನ ವೀರನಾರಾಯಣ

ಗದಗಕ್ಕೆ ಬರುವವರಲ್ಲಿ ಜಾಸ್ತಿ ಮಂದಿ ಹಳೇ ಗುಡಿಗಳನ್ನು ನೋಡಲು ಸೀದಾ ಪಕ್ಕದ ಊರು ಲಕ್ಕುಂಡಿಗೆ ಹೋಗುತ್ತಾರೆ. ವೀರನಾರಾಯಣನಿಗೆ ಸಿಗುವುದು ಒಂದು ನಮಸ್ಕಾರ, ಒಂದು ಸೆಲ್ಫಿ, ಅಷ್ಟೇ. ನನ್ನ ಕೇಳಿದರೆ ಬೆಳಗಿನ ಹೊತ್ತು ಪೂರಾ ಈ ಗುಡಿಗೇ ಇಡಿ.

ಹುಬ್ಬಳ್ಳಿಯಿಂದ ಸುಮಾರು 60 ಕಿ.ಮೀ. ಬಸ್ಸೂ ಇದೆ, ರೈಲೂ ಇದೆ. ಗುಡಿ ಊರೊಳಗೇ ಇರುವುದರಿಂದ ಆಟೋದವರಿಗೆ ದಾರಿ ಹೇಳಬೇಕಿಲ್ಲ. ಮಧ್ಯಾಹ್ನ ಬಾಗಿಲು ಹಾಕಿದರೆ ಸುಮ್ನೆ ಕಾಯಬೇಕಾಗುತ್ತದೆ, ಬೇಗ ಹೊರಡಿ. ಬೇಸಿಗೆಯಲ್ಲಂತೂ ಅಂಗಳದ ಕಲ್ಲು ರೊಟ್ಟಿ ಹಂಚಿನಂತೆ ಕಾದಿರುತ್ತದೆ.

ರಾಮಾನುಜಾಚಾರ್ಯರ ಪ್ರಭಾವದಿಂದ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಪಂಚನಾರಾಯಣ ಗುಡಿಗಳಲ್ಲಿ ಇದೂ ಒಂದು ಎಂಬ ನಂಬಿಕೆ ಇದೆ. ಕಟ್ಟಡ ನೋಡಿದರೆ ಒಬ್ಬ ರಾಜನ ಕೆಲಸ ಅನ್ನಿಸುವುದಿಲ್ಲ. ಗರ್ಭಗುಡಿ ಚಾಲುಕ್ಯರ ಶೈಲಿ, ರಂಗಮಂಟಪ ಹೊಯ್ಸಳರದು, ಎತ್ತರದ ಗೋಪುರ ವಿಜಯನಗರದ್ದು. ದರ್ಶನದ ಹೊತ್ತಿನಲ್ಲಿ ಮುಖ ನೋಡಿ ಸರಿದುಬಿಡಬೇಡಿ. ಕಣ್ಣು ಕೆಳಗಿಳಿಸಿ. ಯುದ್ಧಕ್ಕೆ ಹೊರಟವನ ಹಾಗೆ ಬಿಗಿದು ಕಟ್ಟಿದ ವೀರಗಚ್ಚೆ ಕಾಣುತ್ತದೆ. ಸುತ್ತಲಿನ ಪ್ರಭಾವಳಿಯಲ್ಲಿ ದಶಾವತಾರದ ಕೆತ್ತನೆ ಇದೆ.

ಆಮೇಲೆ ರಂಗಮಂಟಪದ ಕುಮಾರವ್ಯಾಸನ ಕಂಬ. ಕುಮಾರವ್ಯಾಸ ಅಂದರೆ ಕೋಳಿವಾಡದ ನಾರಣಪ್ಪ, 15ನೇ ಶತಮಾನದಲ್ಲಿ ಇಲ್ಲೇ ಕೂತು ಭಾರತ ಬರೆದ ಅನ್ನುತ್ತಾರೆ. ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ, ಬಟ್ಟೆ ಆರಿತೋ ಆ ದಿನದ ಬರವಣಿಗೆ ಮುಗಿಯಿತಂತೆ. ನಿಜವೋ ಕತೆಯೋ, ಭಾಮಿನಿ ಷಟ್ಪದಿಯ ಓಟ ಗೊತ್ತಿದ್ದವರಿಗೆ ನಂಬಬೇಕು ಅನ್ನಿಸುತ್ತದೆ, ಅಲ್ವಾ? ಅವನು ಬರೆದದ್ದು ಹತ್ತು ಪರ್ವ. ಗದುಗಿನ ವೀರನಾರಾಯಣನೇ ಅವನ ಅಂಕಿತ. ಹಾಗಾಗಿ ಹೊರಡುವ ಮುಂಚೆ ನಾಲ್ಕು ಪದ್ಯ ಓದಿಕೊಳ್ಳಿ, ಇಲ್ಲವೇ ಯಾರಾದರೂ ಗಮಕಿಗಳ ವಾಚನ ಫೋನಿಗೆ ಹಾಕಿಕೊಳ್ಳಿ. ಅದಿಲ್ಲದೆ ಹೋದರೆ ಇದು ಬರೀ ಕಂಬ. ಇಯರ್‌ಫೋನ್ ಮರೆಯಬೇಡಿ, ಪಕ್ಕದಲ್ಲಿ ಜಪಕ್ಕೆ ಕೂತವರಿರುತ್ತಾರೆ.

ಹೊರಗೆ ಬಂದು ಗಿರ್ಮಿಟ್, ಮಿರ್ಚಿ ತಿಂದು ತ್ರಿಕೂಟೇಶ್ವರಕ್ಕೆ ಹೋಗಿ. ಒಂದೇ ಪೀಠದ ಮೇಲೆ ಮೂರು ಲಿಂಗ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ಹತ್ತಿರದಿಂದ ನೋಡಿ, ಕುಸುರಿ ಕೆಲಸ ಅಂದರೆ ಅದು. ಲಕ್ಕುಂಡಿ ಅಲ್ಲಿಂದ ಸುಮಾರು 12 ಕಿ.ಮೀ., ಮಧ್ಯಾಹ್ನದ ನಂತರ ಸಾಕು. ಸ್ವಂತ ಗಾಡಿ ಇದ್ದವರು ಹುಬ್ಬಳ್ಳಿಗೆ ವಾಪಸ್ ಬರುವಾಗ ಅಣ್ಣಿಗೇರಿಯಲ್ಲಿ ಇಳಿದು ಅಮೃತೇಶ್ವರ ಗುಡಿಯನ್ನೂ ನೋಡಬಹುದು, ಅದು ದಾರಿಯಲ್ಲೇ ಸಿಗುತ್ತದೆ.